ಚಾರ್ಜರ್ ಚಿಪ್‌ನ ದೀಪವೂ ಬ್ಯಾಟರಿಯ ಬಿಸಿಯೂ: ಓದುಗರ ಪ್ರಶ್ನೆಗಳಿಗೆ ಉತ್ತರ

ಲಿಥಿಯಂ ಸೆಲ್‌ಗಳನ್ನು ಚಾರ್ಜ್ ಮಾಡುವ ಚಿಕ್ಕ ಬೋರ್ಡುಗಳ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲಿನ ಎರಡು ಪ್ರಶ್ನೆಗಳ ಉತ್ತರ ದೀರ್ಘವಾಗಿದೆ. ಉಳಿದವುಗಳಿಗೆ ಅವುಗಳ ಆಧಾರದ ಮೇಲೆಯೇ ಉತ್ತರಿಸಿರುವುದರಿಂದ ಕ್ರಮವಾಗಿ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಹೊಲದ ಪಂಪ್ ಶೆಡ್ಡಿಗೆಂದು ನಾನೇ ಒಂದು ಸೋಲಾರ್ ದೀಪ ಮಾಡಿಕೊಂಡಿದ್ದೇನೆ. ಅದರಲ್ಲಿ 18650 ಅಳತೆಯ ಒಂದು ಲಿಥಿಯಂ ಸೆಲ್ ಮತ್ತು ಟಿಪಿ4056 ಚಿಪ್ ಇರುವ ಚಾರ್ಜರ್ ಬೋರ್ಡು ಇವೆ. ಬೇಸಿಗೆಯ ಮಧ್ಯಾಹ್ನ ಪೆಟ್ಟಿಗೆ ತೆರೆದರೆ ಸೆಲ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ, ಆದರೂ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಈ ಚಿಪ್‌ಗೆ ಉಷ್ಣತೆಯ ರಕ್ಷಣೆ ಇದೆ ಎಂದು ಅಂಗಡಿಯವರು ಹೇಳಿದ್ದರು. ಹಾಗಿದ್ದರೆ ಅದು ಚಾರ್ಜ್ ನಿಲ್ಲಿಸುವುದಿಲ್ಲವೇಕೆ? (ರಾಯಚೂರಿನ ಓದುಗರು)

ಉತ್ತರ: ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಈ ಚಿಪ್‌ನಲ್ಲಿ ಉಷ್ಣತೆಗೆ ಸಂಬಂಧಿಸಿದ ಎರಡು ಪ್ರತ್ಯೇಕ ಏರ್ಪಾಡುಗಳಿವೆ. ಒಂದು ಚಿಪ್ಪನ್ನು ಕಾಯುತ್ತದೆ, ಇನ್ನೊಂದು ಸೆಲ್ಲನ್ನು ಕಾಯುತ್ತದೆ. ಸಾಮಾನ್ಯವಾಗಿ ಸಿಗುವ ಅಗ್ಗದ ಬೋರ್ಡುಗಳಲ್ಲಿ ಎರಡನೆಯ ಏರ್ಪಾಡನ್ನು ತಯಾರಿಕೆಯ ಹಂತದಲ್ಲಿಯೇ ನಿಷ್ಕ್ರಿಯಗೊಳಿಸಿರುತ್ತಾರೆ.

ಮೊದಲನೆಯದನ್ನು ನೋಡೋಣ. ಟಿಪಿ4056 ಲೀನಿಯರ್ ಜಾತಿಯ ಚಾರ್ಜರ್, ಅಂದರೆ ಒಳಬರುವ ವೋಲ್ಟೇಜಿಗೂ ಸೆಲ್ಲಿನ ವೋಲ್ಟೇಜಿಗೂ ಇರುವ ಅಂತರವನ್ನು ಅದು ಬಿಸಿಯಾಗಿ ಕಳೆಯುತ್ತದೆ. 5 ವೋಲ್ಟ್ ಒಳಬಂದು, ಸೆಲ್ 3.7 ವೋಲ್ಟ್ ಇದ್ದು, 1 ಆಂಪಿಯರ್ ಹರಿಯುತ್ತಿದ್ದರೆ 1.3 ವ್ಯಾಟ್ ಶಾಖವು ಆ ಉಗುರಿನಷ್ಟು ಚಿಪ್‌ನಲ್ಲೇ ಹುಟ್ಟುತ್ತದೆ. ತನ್ನ ಒಳಗಿನ ಉಷ್ಣತೆ 145 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಚಿಪ್ ತಾನಾಗಿಯೇ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ. ಇದೇ ವಂಶದ ಎಲ್‌ಟಿಸಿ4054ನಲ್ಲಿ ಆ ಮಿತಿ ಸುಮಾರು 120 ಡಿಗ್ರಿ. ಇವೆರಡೂ ಚಿಪ್ ಸುಟ್ಟುಹೋಗದಿರಲೆಂದು ಇಟ್ಟ ಅಂಕಿಗಳು. ನಿಮ್ಮ ಸೆಲ್ 60 ಡಿಗ್ರಿಯಲ್ಲಿದೆಯೋ 30 ಡಿಗ್ರಿಯಲ್ಲಿದೆಯೋ ಎಂಬುದು ಈ ಏರ್ಪಾಡಿಗೆ ತಿಳಿಯುವ ದಾರಿಯೇ ಇಲ್ಲ.

ಸೆಲ್ಲಿನ ಉಷ್ಣತೆ ತಿಳಿಯಲೆಂದು ಇರುವುದು ಚಿಪ್‌ನ 1ನೇ ಪಿನ್. ಇದನ್ನು ಟೆಂಪ್ ಪಿನ್ ಎಂದು ಕರೆಯುತ್ತಾರೆ. ಅಲ್ಲಿಗೆ ಥರ್ಮಿಸ್ಟರ್ ಎಂಬ, ಬಿಸಿಯೇರಿದಂತೆ ರೋಧ ಇಳಿಯುವ ಬಿಡಿಭಾಗವನ್ನು ಜೋಡಿಸಬೇಕು. ಈ ಪಿನ್‌ನ ವೋಲ್ಟೇಜು ಒಳಬರುವ ವೋಲ್ಟೇಜಿನ 45 ಶೇಕಡಾಕ್ಕಿಂತ ಕೆಳಗಿಳಿದರೆ ಸೆಲ್ ಅತಿ ಬಿಸಿ ಎಂದೂ, 80 ಶೇಕಡಾಕ್ಕಿಂತ ಮೇಲೇರಿದರೆ ಅತಿ ತಂಪು ಎಂದೂ ಚಿಪ್ ತೀರ್ಮಾನಿಸುತ್ತದೆ. ಆ ಸ್ಥಿತಿ 0.15 ಸೆಕೆಂಡಿಗಿಂತ ಹೆಚ್ಚು ಉಳಿದರೆ ಚಾರ್ಜ್ ತಡೆಹಿಡಿಯುತ್ತದೆ, ಉಷ್ಣತೆ ಮಿತಿಯೊಳಗೆ ಬಂದ ಮೇಲೆ ತಾನಾಗಿ ಮುಂದುವರಿಸುತ್ತದೆ. ಲೆಕ್ಕವೆಲ್ಲ ಶೇಕಡಾವಾರು ಪ್ರಮಾಣದಲ್ಲಿ ನಡೆಯುವುದರಿಂದ, ಮೋಡ ಕವಿದು ಸೋಲಾರ್ ಫಲಕದ ವೋಲ್ಟೇಜು ಏರಿಳಿದರೂ ಉಷ್ಣತೆಯ ಅಳತೆ ಕೆಡುವುದಿಲ್ಲ. ನಿಮ್ಮಂಥ ಬಳಕೆಗೆ ಇದು ದೊಡ್ಡ ಅನುಕೂಲ. ಆದರೆ ಈ ಪಿನ್ನನ್ನು ನೇರವಾಗಿ ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತುದಿಗೆ, ಸೇರಿಸಿದರೆ ಉಷ್ಣತೆಯ ತಪಾಸಣೆಯೇ ರದ್ದಾಗುತ್ತದೆ ಎಂದು ಚಿಪ್‌ನ ಮಾಹಿತಿಪತ್ರದಲ್ಲಿ ಬರೆದಿದೆ, ಮತ್ತು ಬಹುಪಾಲು ಬೋರ್ಡುಗಳಲ್ಲಿ ಮಾಡಿರುವುದು ಅದನ್ನೇ. ಒಂದು ಥರ್ಮಿಸ್ಟರ್ ಮತ್ತು ಎರಡು ರೆಸಿಸ್ಟರ್‌ಗಳ ಅಲ್ಪ ಬೆಲೆ ಉಳಿಸಲು ಹೀಗೆ ಮಾಡಿ, ಅದನ್ನು ಬೋರ್ಡಿನ ಮೇಲೆ ಎಲ್ಲಿಯೂ ಸೂಚಿಸದಿರುವುದು ನನ್ನ ದೃಷ್ಟಿಯಲ್ಲಿ ಸರಿಯಾದ ವ್ಯಾಪಾರವಲ್ಲ.

ಸಾಮಾನ್ಯ 18650 ಸೆಲ್ಲನ್ನು 0ಯಿಂದ 45 ಡಿಗ್ರಿಯೊಳಗೆ ಮಾತ್ರ ಚಾರ್ಜ್ ಮಾಡಬೇಕು. ಕೈಯಿಟ್ಟು ಹಿಡಿದಿರಲು ಆಗದಷ್ಟು ಬಿಸಿ ಎಂದರೆ 50 ಡಿಗ್ರಿ ದಾಟಿದೆ ಎಂದು ತಿಳಿಯಬಹುದು. ಆ ಬಿಸಿಯಲ್ಲಿ 4.2 ವೋಲ್ಟಿನವರೆಗೆ ತುಂಬಿಸುತ್ತಾ ಹೋದರೆ ಸೆಲ್ಲಿನೊಳಗಿನ ದ್ರವವಾದ ಎಲೆಕ್ಟ್ರೊಲೈಟ್ ವಿಘಟನೆಗೊಂಡು ಅನಿಲ ಹುಟ್ಟುತ್ತದೆ, ಸೆಲ್ಲಿನ ಆಯುಷ್ಯ ಬೇಗ ಮುಗಿಯುತ್ತದೆ, ದೋಷವಿರುವ ಸೆಲ್ಲಾದರೆ ಬೆಂಕಿಯ ಅಪಾಯವೂ ಇದೆ. ಆದ್ದರಿಂದ ಮುಂದಿನ ಬದಲಾವಣೆ ಮಾಡುವವರೆಗೆ ಪೆಟ್ಟಿಗೆಯನ್ನು ನೆರಳಿನಲ್ಲಿರಿಸಿ, ಫಲಕವನ್ನು ಮಾತ್ರ ಬಿಸಿಲಿನಲ್ಲಿಡಿ.

ಬದಲಾವಣೆ ಹೀಗಿದೆ. ಬೋರ್ಡಿನಲ್ಲಿ ಚಿಪ್‌ನ 1ನೇ ಪಿನ್ನನ್ನು ಬೆಸುಗೆ ಕಡ್ಡಿಯಿಂದ ಬಿಸಿ ಮಾಡಿ, ಸೂಜಿಯ ಮೊನೆಯಿಂದ ನಿಧಾನವಾಗಿ ಮೇಲೆತ್ತಿ ಗ್ರೌಂಡಿನಿಂದ ಬೇರ್ಪಡಿಸಿ. ಆ ಪಿನ್ನಿಗೂ 5 ವೋಲ್ಟ್ ಒಳಬರುವ ತುದಿಗೂ ನಡುವೆ 5.6 ಕಿಲೊಓಮ್ ರೆಸಿಸ್ಟರ್, ಪಿನ್ನಿಗೂ ಗ್ರೌಂಡಿಗೂ ನಡುವೆ 150 ಕಿಲೊಓಮ್ ರೆಸಿಸ್ಟರ್ ಹಾಕಿ, ಈ 150 ಕಿಲೊಓಮ್‌ಗೆ ಸಮಾಂತರವಾಗಿ 25 ಡಿಗ್ರಿಯಲ್ಲಿ 10 ಕಿಲೊಓಮ್ ತೋರಿಸುವ ಎನ್‌ಟಿಸಿ ಥರ್ಮಿಸ್ಟರ್ ಜೋಡಿಸಿ. ಬೀಟಾ ಮೌಲ್ಯ (ಬಿಸಿಯೊಂದಿಗೆ ರೋಧ ಎಷ್ಟು ವೇಗವಾಗಿ ಬದಲಾಗುತ್ತದೆ ಎಂಬುದರ ಅಂಕಿ) 3435 ಇರುವ ಥರ್ಮಿಸ್ಟರ್ 0 ಡಿಗ್ರಿಯಲ್ಲಿ ಸುಮಾರು 27.3 ಕಿಲೊಓಮ್, 45 ಡಿಗ್ರಿಯಲ್ಲಿ ಸುಮಾರು 4.9 ಕಿಲೊಓಮ್ ತೋರಿಸುತ್ತದೆ. ಈ ಅಂಕಿಗಳನ್ನಿಟ್ಟು ಲೆಕ್ಕ ಹಾಕಿದರೆ ಚಾರ್ಜ್ ನಡೆಯುವ ವ್ಯಾಪ್ತಿ ಸುಮಾರು 1 ಡಿಗ್ರಿಯಿಂದ 46 ಡಿಗ್ರಿಯವರೆಗೆ ಬರುತ್ತದೆ. ಅಂಗಡಿಯಲ್ಲಿ ಬೀಟಾ 3950ರ ಥರ್ಮಿಸ್ಟರ್ ಮಾತ್ರ ಸಿಕ್ಕಿದರೆ ಚಿಂತೆಯಿಲ್ಲ. ಅದೇ ರೆಸಿಸ್ಟರ್‌ಗಳೊಂದಿಗೆ ವ್ಯಾಪ್ತಿ ಸುಮಾರು 5ರಿಂದ 43 ಡಿಗ್ರಿಗೆ ಕಿರಿದಾಗುತ್ತದೆ, ಅದು ಸುರಕ್ಷಿತ ದಿಕ್ಕಿನ ವ್ಯತ್ಯಾಸವೇ. ಜೋಡಣೆ ಮುಗಿದ ಮೇಲೆ 25 ಡಿಗ್ರಿಯ ಆಸುಪಾಸಿನಲ್ಲಿ 1ನೇ ಪಿನ್‌ನಲ್ಲಿ ಸುಮಾರು 3.1 ವೋಲ್ಟ್ ಸಿಗಬೇಕು.

ಥರ್ಮಿಸ್ಟರ್ ಸೆಲ್ಲಿನ ಮೈಗೆ ಅಂಟಿಕೊಂಡಿರಬೇಕೇ ಹೊರತು ಚಿಪ್‌ನ ಪಕ್ಕದಲ್ಲಿ ಇರಬಾರದು. ಶಾಖ ತಡೆಯುವ ಟೇಪಿನಿಂದ ಅದನ್ನು ಸೆಲ್ಲಿಗೆ ಸುತ್ತಿ. ಸೆಲ್ಲಿನ ಮೇಲೆ ಯಾವ ಕಾರಣಕ್ಕೂ ಬೆಸುಗೆ ಹಾಕಬೇಡಿ. ಥರ್ಮಿಸ್ಟರಿನ ಎರಡೂ ತಂತಿಗಳಿಗೆ ಪ್ರತ್ಯೇಕವಾಗಿ ವಿದ್ಯುತ್ ನಿರೋಧಕ ಕೊಳವೆ (ಸ್ಲೀವ್) ತೊಡಿಸುವುದನ್ನು ಮರೆಯಬಾರದು. ಇದಕ್ಕೆ ಮುಖ್ಯವಾದ ಕಾರಣವಿದೆ. ತಂತಿ ತುಂಡಾದರೆ ಪಿನ್ನಿನ ವೋಲ್ಟೇಜು 80 ಶೇಕಡಾಕ್ಕಿಂತ ಮೇಲೇರುತ್ತದೆ, ಚಿಪ್ ಅದನ್ನು ವಿಪರೀತ ಚಳಿ ಎಂದು ಭಾವಿಸಿ ಚಾರ್ಜ್ ನಿಲ್ಲಿಸುತ್ತದೆ, ಅಪಾಯವಿಲ್ಲ. ಆದರೆ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಪಿನ್ ಗ್ರೌಂಡಿಗೆ ಸೇರಿದಂತಾಗಿ ರಕ್ಷಣೆಯೇ ರದ್ದಾಗುತ್ತದೆ, ಕೆಂಪು ದೀಪ ಎಂದಿನಂತೆ ಉರಿಯುತ್ತದೆ, ಹೊರಗಿನಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಬೋರ್ಡಿನ ಮೇಲೆ ಇರುವ ಡಿಡಬ್ಲ್ಯು01 ಎಂಬ ಇನ್ನೊಂದು ಚಿಕ್ಕ ಚಿಪ್ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಅತಿಯಾಗಿ ತುಂಬುವುದನ್ನೂ ಅತಿಯಾಗಿ ಬರಿದಾಗುವುದನ್ನೂ ಶಾರ್ಟ್ ಆಗುವುದನ್ನೂ ತಡೆಯುತ್ತದೆಯೇ ಹೊರತು ಉಷ್ಣತೆಯನ್ನು ಅಳೆಯುವುದಿಲ್ಲ.

ಇನ್ನೊಂದು ಸಲಹೆ. ಬೋರ್ಡಿನಲ್ಲಿ 2ನೇ ಪಿನ್ನಿಗೆ ಜೋಡಿಸಿರುವ 1.2 ಕಿಲೊಓಮ್ ರೆಸಿಸ್ಟರ್ 1 ಆಂಪಿಯರ್ ಕರೆಂಟನ್ನು ನಿಗದಿಪಡಿಸುತ್ತದೆ. ಅದರ ಬದಲು 2 ಕಿಲೊಓಮ್ ಹಾಕಿದರೆ ಸುಮಾರು 580 ಮಿಲಿಆಂಪಿಯರ್ ಆಗುತ್ತದೆ. ದಿನವಿಡೀ ಬಿಸಿಲು ಸಿಗುವ ಕಡೆ ಒಂದೇ ಸೆಲ್ಲಿಗೆ ಅಷ್ಟು ಸಾಕು, ಮುಚ್ಚಿದ ಪೆಟ್ಟಿಗೆಯಲ್ಲಿ ಚಿಪ್ ಉಗುಳುವ ಶಾಖವೂ ಅರ್ಧದಷ್ಟಾಗುತ್ತದೆ.

ಪ್ರಶ್ನೆ: ಡಿಪ್ಲೊಮಾ ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಟಿಪಿ4056 ಬಳಸುತ್ತಿದ್ದೇವೆ. ಕೆಲವೊಮ್ಮೆ ಎರಡು ದೀಪಗಳೂ ಆರಿರುತ್ತವೆ, ಕೆಲವೊಮ್ಮೆ ಹಸಿರು ಉರಿಯುತ್ತಿರುವಾಗಲೇ ಕೆಂಪು ಮಿನುಗುತ್ತದೆ. ಇವುಗಳ ಅರ್ಥವೇನು? ಈ ಸ್ಥಿತಿಯನ್ನು ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರಿನಲ್ಲಿ (ಪ್ರೋಗ್ರಾಮ್ ಹಾಕಬಹುದಾದ ಚಿಕ್ಕ ಚಿಪ್‌ನಲ್ಲಿ) ಓದಿ ಪರದೆಯ ಮೇಲೆ ತೋರಿಸಬಹುದೇ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಕೆಂಪು ಮಾತ್ರ ಉರಿದರೆ ಚಾರ್ಜ್ ನಡೆಯುತ್ತಿದೆ, ಹಸಿರು ಮಾತ್ರ ಉರಿದರೆ ಮುಗಿದಿದೆ, ಕೆಲವು ಬೋರ್ಡುಗಳಲ್ಲಿ ಹಸಿರಿನ ಬದಲು ನೀಲಿ ಇರುತ್ತದೆ. ಕಷ್ಟವಿರುವುದು ಉಳಿದ ಎರಡು ಸ್ಥಿತಿಗಳಲ್ಲಿ.

ಎರಡೂ ಆರಿರುವುದಕ್ಕೆ ಹಲವು ಕಾರಣಗಳಿರಬಹುದು: ಒಳಬರುವ ವೋಲ್ಟೇಜು ಸಾಲದಿರಬಹುದು, ಸೆಲ್ ಜೋಡಣೆಯಾಗಿಲ್ಲದಿರಬಹುದು, ಅಥವಾ ಟೆಂಪ್ ಪಿನ್ ಸೆಲ್ಲನ್ನು ಅತಿ ಬಿಸಿ ಇಲ್ಲವೇ ಅತಿ ತಂಪು ಎಂದು ಕಂಡಿರಬಹುದು. ಈ ಚಿಪ್ ಇಷ್ಟನ್ನೂ ಒಂದೇ ಸಂಕೇತದಿಂದ ತಿಳಿಸುತ್ತದೆ. ಮೇಲಿನ ರಾಯಚೂರಿನ ಓದುಗರು ಥರ್ಮಿಸ್ಟರ್ ಜೋಡಿಸಿದ ಮೇಲೆ ಮಧ್ಯಾಹ್ನ ದೀಪ ಆರಿದ್ದನ್ನು ಕಂಡರೆ ಬೋರ್ಡು ಕೆಟ್ಟಿದೆ ಎಂದು ಭಾವಿಸುವ ಸಾಧ್ಯತೆ ಹೆಚ್ಚು. ನಿಜದಲ್ಲಿ ಆಗಲೇ ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುತ್ತದೆ. ಮಲ್ಟಿಮೀಟರಿನಲ್ಲಿ ಮೊದಲು ಒಳಬರುವ ವೋಲ್ಟೇಜನ್ನು, ಅನಂತರ ಟೆಂಪ್ ಪಿನ್‌ನ ವೋಲ್ಟೇಜನ್ನು ಅಳೆದು ಎರಡನೆಯದು ಮೊದಲನೆಯದರ ಎಷ್ಟು ಶೇಕಡಾ ಎಂದು ನೋಡಿದರೆ ಕಾರಣ ಬೇರ್ಪಡುತ್ತದೆ.

ಹಸಿರು ಉರಿದು ಕೆಂಪು ಮಿನುಗುವುದು ಸೆಲ್ ಇಲ್ಲದಿರುವುದರ ಗುರುತು. ಸೆಲ್ ಜೋಡಿಸುವ ತುದಿಯಲ್ಲಿ 10 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇದ್ದರೆ ಚಿಪ್ ಅದನ್ನೇ ಸೆಲ್ ಎಂದು ಭಾವಿಸಿ ಕ್ಷಣದಲ್ಲಿ 4.2 ವೋಲ್ಟಿಗೆ ತುಂಬಿಸುತ್ತದೆ, ಮುಗಿಯಿತೆಂದು ನಿಲ್ಲಿಸುತ್ತದೆ, ವೋಲ್ಟೇಜು ಸುಮಾರು 4.05ಕ್ಕೆ ಜಾರಿದೊಡನೆ ಮತ್ತೆ ತುಂಬಿಸತೊಡಗುತ್ತದೆ. 1ರಿಂದ 4 ಸೆಕೆಂಡಿಗೊಮ್ಮೆ ಕಾಣುವ ಮಿನುಗು ಇದೇ ಆವರ್ತನೆ. ಹಾಗಾಗಿ ಈ ಚಿಪ್‌ನಲ್ಲಿ ಮಿನುಗು ಎಂಬುದು ದೋಷದ ಎಚ್ಚರಿಕೆಯಾಗಿ ಯೋಜಿಸಿದ್ದಲ್ಲ. ಆದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಬಿಕ್ಯೂ24190 ಚಿಪ್‌ನಲ್ಲಿ ಸೆಕೆಂಡಿಗೊಮ್ಮೆ ಮಿನುಗುವುದೆಂದರೆ ದೋಷ ಕಂಡಿದೆ ಎಂದೇ ಅರ್ಥ. ಒಂದು ಚಿಪ್‌ನ ದೀಪದ ಅರ್ಥವನ್ನು ಇನ್ನೊಂದಕ್ಕೆ ಅನ್ವಯಿಸಬಾರದು. ಪ್ರತಿಯೊಂದರ ಮಾಹಿತಿಪತ್ರದಲ್ಲಿರುವ ಸ್ಥಿತಿ ಕೋಷ್ಟಕವನ್ನು ನೋಡಲೇಬೇಕು. ಮೈಕ್ರೊಚಿಪ್ ಕಂಪನಿಯ ಎಂಸಿಪಿ73831ನಲ್ಲಿ ಒಂದೇ ಸ್ಥಿತಿ ಪಿನ್ ಮೂರು ಸ್ಥಿತಿಗಳನ್ನು ಹೇಳುತ್ತದೆ: ಚಾರ್ಜ್ ಆಗುವಾಗ ಕೆಳಮಟ್ಟ, ಮುಗಿದಾಗ ಮೇಲ್ಮಟ್ಟ, ಸೆಲ್ ಇಲ್ಲದಿದ್ದಾಗ ಅಥವಾ ಚಿಪ್ ಸ್ಥಗಿತಗೊಂಡಾಗ ಯಾವುದಕ್ಕೂ ಸೇರದ ತೇಲು ಸ್ಥಿತಿ. ಆದರೆ ಈ ಐದು ಪಿನ್ನಿನ ಚಿಪ್‌ಗೆ ಥರ್ಮಿಸ್ಟರ್ ಪಿನ್ನೇ ಇಲ್ಲ ಎಂಬುದನ್ನು ಆಯ್ಕೆಯ ವೇಳೆ ಗಮನಿಸಬೇಕು.

ಇನ್ನು ಇಎಸ್‌ಪಿ32ರ ವಿಚಾರ. ಟಿಪಿ4056ರ 7ನೇ ಪಿನ್ ಚಾರ್ಜ್ ಆಗುತ್ತಿರುವುದನ್ನೂ 6ನೇ ಪಿನ್ ಮುಗಿದಿರುವುದನ್ನೂ ಸೂಚಿಸುತ್ತವೆ. ಎರಡೂ ಓಪನ್ ಡ್ರೈನ್ ಜಾತಿಯವು: ಸೂಚಿಸಬೇಕಾದಾಗ ಗ್ರೌಂಡಿಗೆ ಎಳೆಯುತ್ತವೆ, ಇಲ್ಲವಾದರೆ ಕೈಬಿಡುತ್ತವೆ, ತಾವಾಗಿ ಮೇಲ್ಮಟ್ಟದ ವೋಲ್ಟೇಜು ಕೊಡುವುದಿಲ್ಲ. ಬೋರ್ಡಿನಲ್ಲಿ ಈ ಪಿನ್‌ಗಳು ಎಲ್‌ಇಡಿಯ ಮೂಲಕ 5 ವೋಲ್ಟಿಗೆ ಸೇರಿರುವುದರಿಂದ ಅವನ್ನು 3.3 ವೋಲ್ಟಿನ ಇಎಸ್‌ಪಿ32ಗೆ ನೇರವಾಗಿ ಜೋಡಿಸುವುದು ತಪ್ಪು. ಎಲ್‌ಇಡಿಗಳ ಸರಣಿ ರೆಸಿಸ್ಟರ್ ತೆಗೆದು, ಪ್ರತಿ ಪಿನ್ನನ್ನೂ 10 ಕಿಲೊಓಮ್ ಮೂಲಕ 3.3 ವೋಲ್ಟಿಗೆ ಎಳೆದು ಕಟ್ಟಿ. ಆಮೇಲೆ ಕೆಳಮಟ್ಟ ಎಂದರೆ ಹೌದು, ಮೇಲ್ಮಟ್ಟ ಎಂದರೆ ಇಲ್ಲ ಎಂದು ಓದಬಹುದು. ದೀಪಗಳು ಬೇಕೆನಿಸಿದರೆ ಇಎಸ್‌ಪಿ32ರಿಂದಲೇ ಉರಿಸಿ.

ಎರಡೂ ಪಿನ್ ಮೇಲ್ಮಟ್ಟದಲ್ಲಿದ್ದಾಗ ಕಾರಣ ಹೇಳಲು ನಿಮಗೆ ಉಷ್ಣತೆಯ ಅಂಕಿಯೇ ಬೇಕಾಗುತ್ತದೆ, ಅದಕ್ಕೆ ಇನ್ನೊಂದು ಥರ್ಮಿಸ್ಟರ್ ಬೇಕಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದ 150 ಕಿಲೊಓಮ್ ರೆಸಿಸ್ಟರಿನ ಜಾಗದಲ್ಲಿ 68 ಮತ್ತು 82 ಕಿಲೊಓಮ್‌ಗಳನ್ನು ಸರಣಿಯಲ್ಲಿ ಹಾಕಿ, 82 ಗ್ರೌಂಡಿನ ಕಡೆಗಿರಲಿ. ಒಟ್ಟು ರೋಧ ಹಿಂದಿನಷ್ಟೇ ಆದ್ದರಿಂದ ಚಿಪ್‌ನ ಮಿತಿಗಳು ಬದಲಾಗುವುದಿಲ್ಲ, ಆದರೆ ಅವೆರಡರ ಸಂಧಿಯಲ್ಲಿ ಟೆಂಪ್ ಪಿನ್‌ನ ವೋಲ್ಟೇಜಿನ ಸುಮಾರು 55 ಶೇಕಡಾ ಮಾತ್ರ ಸಿಗುತ್ತದೆ. 25 ಡಿಗ್ರಿಯಲ್ಲಿ ಅದು ಸುಮಾರು 1.7 ವೋಲ್ಟ್, ಥರ್ಮಿಸ್ಟರಿನ ತಂತಿಯೇ ಕಡಿದುಹೋದರೂ 2.7 ವೋಲ್ಟ್ ದಾಟುವುದಿಲ್ಲ, ಹಾಗಾಗಿ ಇಎಸ್‌ಪಿ32ರ ಅನಲಾಗ್ ಪಿನ್ನಿಗೆ ಅಪಾಯವಿಲ್ಲ. ಓದುವಿಕೆ ಸ್ಥಿರವಾಗಿರಲು ಆ ಸಂಧಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇಡಿ. ಹೀಗೆ ಓದಿದ ಅಂಕಿ ಬಹುತೇಕ ಸೊನ್ನೆಯಾಗಿದ್ದರೆ ಥರ್ಮಿಸ್ಟರ್ ತಂತಿಗಳು ಒಂದಕ್ಕೊಂದು ತಾಗಿವೆ ಎಂದು ನಿಮ್ಮ ಪ್ರೋಗ್ರಾಮ್ ಎಚ್ಚರಿಸಬೇಕು, ಮತ್ತು ಚಿಪ್ಪನ್ನು ಚಾಲೂ ಇಡುವ 8ನೇ ಪಿನ್ನನ್ನು ಕೆಳಮಟ್ಟಕ್ಕೆ ಎಳೆದು ಚಾರ್ಜ್ ನಿಲ್ಲಿಸಬೇಕು. ಚಿಪ್ ತಾನಾಗಿ ಗುರುತಿಸಲಾರದ ದೋಷ ಇದಾದ್ದರಿಂದ ನಿಮ್ಮ ಪ್ರಾಜೆಕ್ಟಿನ ನಿಜವಾದ ಕೊಡುಗೆ ಇಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ವರದಿಯಲ್ಲಿ ಇದನ್ನು ಪ್ರಯೋಗದ ಸಹಿತ ಬರೆಯಿರಿ. ಪ್ರಯೋಗಕ್ಕಾಗಿ 8ನೇ ಪಿನ್ನನ್ನೂ ಬೋರ್ಡಿನ 5 ವೋಲ್ಟಿನಿಂದ ಬೇರ್ಪಡಿಸಬೇಕಾಗುತ್ತದೆ, ಮತ್ತು ಅದನ್ನು ಒಂದು ಚಿಕ್ಕ ಟ್ರಾನ್ಸಿಸ್ಟರ್ ಮೂಲಕ ನಿಯಂತ್ರಿಸುವುದು ಲೇಸು.

ಪ್ರಶ್ನೆ: ನನ್ನ ಸಾಧನದಲ್ಲಿ ಸೆಲ್ ಪೂರ್ತಿ ತುಂಬಿದ ಮೇಲೂ ಕೆಂಪು ದೀಪ ಆರುವುದೇ ಇಲ್ಲ. ಸೆಲ್ ಬಿಸಿಯಾಗಿಲ್ಲ. ಚಿಪ್ ಬದಲಿಸಬೇಕೇ? (ತುಮಕೂರಿನ ಓದುಗರು)

ಉತ್ತರ: ಬದಲಿಸಬೇಕಾಗಿಲ್ಲ. ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ಕರೆಂಟು ನಿಗದಿತ ಮೊತ್ತದ ಹತ್ತನೇ ಒಂದಕ್ಕೆ ಇಳಿದಾಗ ಮಾತ್ರ ಚಿಪ್ ಚಾರ್ಜ್ ಮುಗಿಯಿತೆಂದು ಸೂಚಿಸುತ್ತದೆ. ಸೆಲ್ಲಿಗೆ ಸಮಾಂತರವಾಗಿ ನಿಮ್ಮ ಸಾಧನ 100 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯುತ್ತಿದ್ದರೆ ಆ ಇಳಿಕೆಯನ್ನು ಚಿಪ್ ಕಾಣುವುದೇ ಇಲ್ಲ, ಸೆಲ್ ಸದಾ 4.2 ವೋಲ್ಟಿನಲ್ಲಿಯೇ ನಿಂತಿರುತ್ತದೆ. ಇದರಿಂದ ತಕ್ಷಣ ಅಪಾಯವಿಲ್ಲದಿದ್ದರೂ ಬಿಸಿ ವಾತಾವರಣದಲ್ಲಿ ಸೆಲ್ ಬೇಗ ಮುಪ್ಪಾಗುತ್ತದೆ. ಸಾಧನವನ್ನು ಆರಿಸಿ ಚಾರ್ಜ್ ಮಾಡಿ ನೋಡಿ. ಹಸಿರು ಬಂದರೆ ಕಾರಣ ಖಚಿತವಾದಂತೆ. ಸದಾ ಚಾಲೂ ಇರಬೇಕಾದ ಸಾಧನವಾದರೆ, ಸಾಧನಕ್ಕೂ ಸೆಲ್ಲಿಗೂ ಬೇರೆ ಬೇರೆ ದಾರಿ ಕೊಡುವ ಬಿಕ್ಯೂ24075ರಂಥ ಚಿಪ್ ಬಳಸುವುದು ಸರಿಯಾದ ಪರಿಹಾರ. ಅದಕ್ಕೆ ಥರ್ಮಿಸ್ಟರ್ ಪಿನ್ ಕೂಡ ಇದೆ.

ಪ್ರಶ್ನೆ: ನಾವು ಕೆನಡಾದ ಟೊರಾಂಟೊದಲ್ಲಿದ್ದೇವೆ. ಹಿತ್ತಲಿನಲ್ಲಿ ಇಟ್ಟಿರುವ ಸೋಲಾರ್ ಹವಾಮಾನ ಮಾಪಕ ಚಳಿಗಾಲದಲ್ಲಿ ಬಿಸಿಲಿದ್ದರೂ ಚಾರ್ಜ್ ಆಗುವುದಿಲ್ಲ, ಆದರೆ ರಾತ್ರಿಯಿಡೀ ಕೆಲಸ ಮಾಡುತ್ತದೆ. ಸೆಲ್ ಕೆಲಸ ಮಾಡಬಲ್ಲದಾದರೆ ಚಾರ್ಜ್ ಏಕೆ ಆಗಬಾರದು? (ಅಲ್ಲಿನ ಕನ್ನಡಿಗರೊಬ್ಬರು)

ಉತ್ತರ: ನಿಮ್ಮ ಮಾಪಕವನ್ನು ಮಾಡಿದವರು ಥರ್ಮಿಸ್ಟರನ್ನು ಜೋಡಿಸಿ ಒಳ್ಳೆಯ ಕೆಲಸ ಮಾಡಿದ್ದಾರೆಂದು ತೋರುತ್ತದೆ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನವರೆಗೂ ಕರೆಂಟು ಕೊಡಬಲ್ಲದು, ಆದರೆ ಶೂನ್ಯದ ಕೆಳಗೆ ಅದನ್ನು ತುಂಬಿಸಬಾರದು. ತುಂಬಿಸುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ಒಳಗೆ ಸೇರಬೇಕು. ಚಳಿಯಲ್ಲಿ ಆ ಕ್ರಿಯೆ ಬಹಳ ನಿಧಾನವಾಗುವುದರಿಂದ ಒಳಗೆ ಹೋಗಲಾರದ ಲಿಥಿಯಂ ಗ್ರಾಫೈಟಿನ ಮೇಲ್ಮೈಯಲ್ಲಿ ಲೋಹವಾಗಿ ಕೂಡಿಕೊಳ್ಳುತ್ತದೆ. ಹೀಗೆ ಕೂಡಿದ್ದರಲ್ಲಿ ಒಂದು ಭಾಗ ಮತ್ತೆಂದೂ ಬಳಕೆಗೆ ಬರುವುದಿಲ್ಲ, ಮತ್ತು ಅದು ಮುಳ್ಳಿನಂತೆ ಬೆಳೆದು ಸೆಲ್ಲಿನ ಒಳಗೆ ಎರಡು ಧ್ರುವಗಳನ್ನು ಬೇರ್ಪಡಿಸುವ ತೆರೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಆಗುವ ಅಪಾಯವಿದೆ. ಬಿಸಿಯ ಹಾನಿ ಮುಟ್ಟಿದರೆ ತಿಳಿಯುತ್ತದೆ. ಈ ಹಾನಿ ಹೊರಗೆ ಕಾಣುವುದಿಲ್ಲ.

2006ರಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಗಳು ಬೆಂಕಿ ಹೊತ್ತಿಕೊಂಡ ಪ್ರಕರಣಗಳಿಂದಾಗಿ ಲಕ್ಷಗಟ್ಟಲೆ ಬ್ಯಾಟರಿಗಳನ್ನು ಹಿಂಪಡೆಯಬೇಕಾಯಿತು. ಅದರ ಬೆನ್ನಲ್ಲೇ 2007ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘವಾದ ಜೀಟಾ ಮತ್ತು ಅಲ್ಲಿನ ಬ್ಯಾಟರಿ ಸಂಘಗಳು ಸೇರಿ, ಉಷ್ಣತೆಗೆ ತಕ್ಕಂತೆ ಚಾರ್ಜಿನ ವೋಲ್ಟೇಜನ್ನೂ ಕರೆಂಟನ್ನೂ ತಗ್ಗಿಸಬೇಕೆಂಬ ಮಾರ್ಗಸೂಚಿ ಹೊರಡಿಸಿದವು. ಅದನ್ನು ಅನುಸರಿಸುವ ಬಿಕ್ಯೂ24040ರಂಥ ಚಿಪ್‌ಗಳು 0ಯಿಂದ 10 ಡಿಗ್ರಿಯೊಳಗೆ ಅರ್ಧ ಕರೆಂಟು ಕೊಡುತ್ತವೆ, 45ರಿಂದ 60 ಡಿಗ್ರಿಯೊಳಗೆ ವೋಲ್ಟೇಜನ್ನು 4.2ರಿಂದ ಸುಮಾರು 4.06ಕ್ಕೆ ಇಳಿಸುತ್ತವೆ, ಅದರಾಚೆಗೆ ಎರಡು ಕಡೆಯೂ ಪೂರ್ತಿ ನಿಲ್ಲಿಸುತ್ತವೆ. ಇವುಗಳಲ್ಲಿ ಒಳಬರುವ ವಿದ್ಯುತ್ ಸರಿಯಾಗಿದೆ ಎಂದು ಹೇಳಲು ಬೇರೆಯೇ ಪಿನ್ ಇರುವುದರಿಂದ, ಫಲಕದಿಂದ ವಿದ್ಯುತ್ ಬಂದರೂ ಚಾರ್ಜ್ ನಡೆಯುತ್ತಿಲ್ಲ ಎಂಬುದನ್ನಾದರೂ ಬೇರ್ಪಡಿಸಿ ತಿಳಿಯಬಹುದು.

ನೀವು ಮಾಡಬಹುದಾದದ್ದು ಇಷ್ಟು: ಚಳಿಗಾಲಕ್ಕೆ ಸಾಲುವಷ್ಟು ದೊಡ್ಡ ಸೆಲ್ ಹಾಕಿ, ಬರಿದಾದಾಗ ಒಳಗೆ ತಂದು ತುಂಬಿಸಿ. ಒಳಗೆ ತಂದ ಕೂಡಲೇ ದೀಪ ಹೊತ್ತಿಕೊಳ್ಳದಿದ್ದರೆ ಗಾಬರಿ ಬೇಡ, ಸೆಲ್ಲಿನ ಮೈ ಕೋಣೆಯ ಬಿಸಿಗೆ ಬರಲು ಹೊತ್ತು ಹಿಡಿಯುತ್ತದೆ. ಥರ್ಮಿಸ್ಟರಿನ ಬದಲು 10 ಕಿಲೊಓಮ್‌ನ ಸಾದಾ ರೆಸಿಸ್ಟರ್ ಹಾಕಿ ಚಿಪ್ಪನ್ನು ಒಪ್ಪಿಸುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಪ್ರಶ್ನೆ: ಹಳೆಯ ಮೊಬೈಲಿನ ಬ್ಯಾಟರಿಯಲ್ಲಿ ಮೂರು ತುದಿಗಳಿವೆ. ನಡುವಿನದನ್ನು ಚಾರ್ಜರ್ ಚಿಪ್‌ನ ಟೆಂಪ್ ಪಿನ್ನಿಗೆ ಜೋಡಿಸಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಪರೀಕ್ಷಿಸಿದ ಮೇಲೆ ಜೋಡಿಸಬಹುದು. ಅನೇಕ ಬ್ಯಾಟರಿಗಳಲ್ಲಿ ಆ ತುದಿಗೂ ಋಣ ತುದಿಗೂ ನಡುವೆ ಥರ್ಮಿಸ್ಟರ್ ಇರುತ್ತದೆ. ಕೆಲವುಗಳಲ್ಲಿ ಬ್ಯಾಟರಿಯ ಗುರುತು ಹೇಳುವ ಸಾದಾ ರೆಸಿಸ್ಟರ್ ಅಥವಾ ಒಂದು ಚಿಪ್ ಇರುತ್ತದೆ. ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು ಈ ಎರಡು ತುದಿಗಳ ನಡುವಿನ ರೋಧ ಗುರುತಿಸಿಕೊಳ್ಳಿ, ಆಮೇಲೆ ಬ್ಯಾಟರಿಯನ್ನು ಕೆಲವು ನಿಮಿಷ ಅಂಗೈಯಲ್ಲಿ ಮುಚ್ಚಿ ಹಿಡಿದು ಮತ್ತೆ ಅಳೆಯಿರಿ. ರೋಧ ಸ್ಪಷ್ಟವಾಗಿ ಇಳಿದರೆ ಅದು ಥರ್ಮಿಸ್ಟರ್; ಕೋಣೆಯ ಉಷ್ಣತೆಯಲ್ಲಿ 10 ಕಿಲೊಓಮ್ ಆಸುಪಾಸಿನಲ್ಲಿದ್ದರೆ ಮೊದಲ ಉತ್ತರದಲ್ಲಿ ಕೊಟ್ಟ ರೆಸಿಸ್ಟರ್‌ಗಳೇ ನಡೆಯುತ್ತವೆ. ಅಂಕಿ ಅಲುಗಾಡದಿದ್ದರೆ ಆ ತುದಿಯನ್ನು ಬಿಟ್ಟು, ಬ್ಯಾಟರಿಯ ಮೈಗೆ ಬೇರೆ ಥರ್ಮಿಸ್ಟರ್ ಅಂಟಿಸಿ. ಬ್ಯಾಟರಿ ಸ್ವಲ್ಪವಾದರೂ ಉಬ್ಬಿದ್ದರೆ ಈ ಯಾವ ಪರೀಕ್ಷೆಯೂ ಬೇಡ; ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.